ತುಳಸಿಗೂ ತೋಳಿನ ಎಳೆ: ಈ ತಿಂಗಳ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ತುಳಸಿ ಬಗ್ಗೆ ಬರೆಯುವಾಗ ಕೊನೆಗೆ ಒಂದು ಸಾಲು ಸೇರಿಸಿಬಿಟ್ಟಿದ್ದೆ. ನಮ್ಮ ತೋಳಿನ ಸ್ನಾಯುವಿನಲ್ಲಿರುವ ಆಕ್ಟಿನ್ ಅನ್ನೋ ಎಳೆಯೇ ತುಳಸಿಯ ಒಂದೊಂದು ಜೀವಕೋಶದಲ್ಲೂ ಇದೆ, ಎಲೆಗೆ ರೂಪ ಕೊಡುವುದೂ ಅದೇ ಅಂತ. ಜಾಗ ಮುಗಿದಿತ್ತು, ವಿವರಿಸದೆ ಬಿಟ್ಟೆ. ತಪ್ಪಾಯ್ತು. ಆ ಒಂದೇ ಸಾಲಿಗೆ ಬಂದ ಪತ್ರ, ವಾಟ್ಸ್ಯಾಪ್ ನೋಡಿದರೆ ಕಷಾಯದ ಬಗ್ಗೆ ನಾನು ಕಷ್ಟಪಟ್ಟು ಬರೆದ ಎರಡು ಪುಟವನ್ನು ಯಾರೂ ಓದಿಲ್ಲ ಅನಿಸುತ್ತದೆ. ಇರಲಿ. ಈ ಸಲದ ಅಂಕಣ ಪೂರ್ತಿ ಆ ಎಳೆಗೇ.

ಪ್ರಶ್ನೆ: ಟೀಚರ್, ಗಿಡಕ್ಕೆ ಸ್ನಾಯು ಇದ್ದರೆ ಅದು ಕೈ ಎತ್ತಬೇಕಲ್ವಾ? ನಮ್ಮ ಯಜಮಾನರು ನಿಮ್ಮ ಸಾಲು ಓದಿ ಬಿದ್ದು ಬಿದ್ದು ನಕ್ಕರು. ಅವರ ಬಾಯಿ ಮುಚ್ಚಿಸುವ ಹಾಗೆ ಒಂದು ಉತ್ತರ ಕೊಡಿ.
— ಗೃಹಿಣಿ, ಡೊಂಬಿವಲಿ

ಉತ್ತರ: ಅವರು ನಕ್ಕಿದ್ದರಲ್ಲಿ ತಪ್ಪಿಲ್ಲ, ನಾನು ಹೇಳಿದ್ದೇ ಅರ್ಧ. ಗಿಡಕ್ಕೆ ಸ್ನಾಯು ಇಲ್ಲ. ಸ್ನಾಯು ಕಟ್ಟುವ ಸಾಮಾನು ಇದೆ.

ಆಕ್ಟಿನ್ ಒಂದು ಪ್ರೋಟೀನು. 1942ರಲ್ಲಿ ಹಂಗೇರಿಯ ಸೆಗೆಡ್ ಊರಿನ ಪ್ರಯೋಗಶಾಲೆಯಲ್ಲಿ ಬ್ರೂನೋ ಸ್ಟ್ರೌಬ್ ಅದನ್ನು ಮೊಲದ ಸ್ನಾಯುವಿನಿಂದ ಬೇರ್ಪಡಿಸಿದರು. ಸ್ನಾಯುವಿನಲ್ಲಿ ಸಿಕ್ಕಿದ್ದರಿಂದ ಅದು ಸ್ನಾಯುವಿನದೇ ಸ್ವತ್ತು ಅಂತ ತುಂಬಾ ದಿನ ಅಂದುಕೊಂಡಿದ್ದರು, ಮುಂಬಯಿಯಲ್ಲಿ ಮೊದಲ ಸಲ ಇಡ್ಲಿ ತಿಂದವರು ಅದು ಮಾಟುಂಗಾದ ತಿಂಡಿ ಅಂದುಕೊಳ್ಳುವ ಹಾಗೆ. ಆಮೇಲೆ ನೋಡಿದರೆ ಅಮೀಬಾದಲ್ಲಿ ಇದೆ, ಯೀಸ್ಟಿನಲ್ಲಿ ಇದೆ, ಗಿಡಗಳಲ್ಲೂ ಇದೆ. ಗಿಡದ ಆಕ್ಟಿನ್ನನ್ನೂ ನಮ್ಮದನ್ನೂ ಪಕ್ಕಪಕ್ಕ ಇಟ್ಟರೆ ನೂರಕ್ಕೆ 80ಕ್ಕಿಂತ ಜಾಸ್ತಿ ಒಂದೇ ಥರ.

ಒಂದೊಂದು ಆಕ್ಟಿನ್ ಒಂದು ಮಣಿ ಇದ್ದ ಹಾಗೆ. ಮಣಿಗೆ ಮಣಿ ಸೇರಿ ಸರವಾಗುತ್ತದೆ, ಎರಡು ಸರ ಹುರಿಗೊಂಡು ಒಂದು ಎಳೆಯಾಗುತ್ತದೆ. ದಪ್ಪ 7 ನ್ಯಾನೋಮೀಟರ್. ಒಂದು ತಲೆಕೂದಲನ್ನು ಉದ್ದುದ್ದ ಹತ್ತು ಸಾವಿರ ಸೀಳು ಮಾಡಿದರೆ ಒಂದು ಸೀಳಿನ ದಪ್ಪ ಬರುತ್ತದಲ್ಲ, ಅಷ್ಟು. ಎಳೆಯ ಒಂದು ತುದಿಯಲ್ಲಿ ಮಣಿ ಸೇರುತ್ತಾ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ಕಳಚುತ್ತಾ ಬರುತ್ತದೆ. ನಿಮ್ಮ ಬೀದಿಯ ಗಣಪತಿ ಮಂಟಪ ನೆನಪು ಮಾಡಿಕೊಳ್ಳಿ. ಬಿದಿರು ಅದೇ, ಹಗ್ಗ ಅದೇ. ವಿಸರ್ಜನೆ ಆದ ಮರುದಿನ ಬಿಚ್ಚಿ ಒಯ್ಯುತ್ತಾರೆ, ನವರಾತ್ರಿಗೆ ಇನ್ನೊಂದು ಗಲ್ಲಿಯಲ್ಲಿ ಬೇರೆ ಆಕಾರದಲ್ಲಿ ನಿಲ್ಲಿಸುತ್ತಾರೆ. ಸ್ನಾಯುವಿನಲ್ಲಿ ಈ ಎಳೆಗಳು ಹೆಚ್ಚುಕಡಿಮೆ ಕಾಯಂ ಕಟ್ಟಡ. ಗಿಡದ ಕೋಶದಲ್ಲಿ ಮಂಟಪದ ಬಿದಿರು, ಅದೂ ಸೆಕೆಂಡು ನಿಮಿಷಗಳ ಲೆಕ್ಕದಲ್ಲಿ ಕಟ್ಟುವುದು ಬಿಚ್ಚುವುದು ನಡೆದೇ ಇರುತ್ತದೆ. ಈ ಎಳೆಗಳು ಮತ್ತು ಇವುಗಳ ಜೊತೆಗಾರರೆಲ್ಲ ಸೇರಿದ ಹಂದರಕ್ಕೆ ಸೈಟೋಸ್ಕೆಲಿಟನ್ ಅಂತ ಹೆಸರು.

ಹಂದರ ಯಾಕೆ ಬೇಕು? ಗಿಡದ ಒಂದೊಂದು ಕೋಶವೂ ಗೋಡೆ ಇರುವ ಡಬ್ಬಿ. ಒಳಗೆ ನೀರಿನ ಒತ್ತಡ ಸಾಮಾನ್ಯವಾಗಿ ಗಾಳಿಯ ಒತ್ತಡದ 3ರಿಂದ 10 ಪಟ್ಟು. ಕಾರಿನ ಟೈರಿಗೆ ನಾವು ತುಂಬಿಸುವುದು ಸುಮಾರು 2 ಪಟ್ಟು! ಕೋಶ ದೊಡ್ಡದಾಗುವುದು ಈ ಒತ್ತಡದಿಂದಲೇ. ಆದರೆ ಒತ್ತಡಕ್ಕೆ ದಿಕ್ಕು ಗೊತ್ತಿಲ್ಲ, ಎಲ್ಲಾ ಕಡೆಗೂ ಒಂದೇ ಸಮ ತಳ್ಳುತ್ತದೆ. ಹಳೇ ಸೈಕಲ್ ಟ್ಯೂಬು ಎಲ್ಲಿ ತೆಳ್ಳಗಿದೆಯೋ ಅಲ್ಲೇ ಉಬ್ಬುತ್ತದೆ, ನೋಡಿದ್ದೀರಿ. ಹಾಗೆಯೇ ಕೋಶದಲ್ಲೂ ಎಲ್ಲಿ ಗೋಡೆ ಸಡಿಲ, ಎಲ್ಲಿ ಹೊಸ ಗೋಡೆಯ ಸಾಮಾನು ಬಂದು ಬೀಳುತ್ತದೆ, ಅಲ್ಲಿ ಬೆಳವಣಿಗೆ. ಆ ಸಾಮಾನು ಎಲ್ಲಿಗೆ ಹೋಗಬೇಕು ಅನ್ನುವುದು ಆಕ್ಟಿನ್ ಎಳೆಗಳ ದಾರಿ ಮೇಲೆ ನಿಂತಿದೆ. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು, ಅದೂ ನಮ್ಮ ಸ್ನಾಯುವಿನಲ್ಲಿ ಇರುವುದರ ದಾಯಾದಿಯೇ, ಎಳೆ ಮೇಲೆ ಹೆಜ್ಜೆ ಹಾಕುತ್ತಾ ಸಾಮಾನು ಹೊರುತ್ತದೆ. ತುಳಸಿ ಕೈ ಎತ್ತುವುದಿಲ್ಲ. ಅದರ ಒಳಗಿನವರು ಮಾತ್ರ ಒಂದು ಗಳಿಗೆ ಕೂತವರಲ್ಲ ಅಂತ ಯಜಮಾನರಿಗೆ ಹೇಳಿ.

ಪ್ರಶ್ನೆ: ಮಳೆಗಾಲದಲ್ಲಿ ಉಪವನ ಕೆರೆ ಹತ್ತಿರ ನಿಂತು ಭುಟ್ಟಾ (ಕೆಂಡದಲ್ಲಿ ಸುಟ್ಟ ಮೆಕ್ಕೆಜೋಳದ ತೆನೆ) ತಿನ್ನುವುದು ನಮ್ಮ ಮನೆಯ ಪದ್ಧತಿ. ಕೆಲವದರಲ್ಲಿ ಹಲ್ಲು ಬಿದ್ದ ಅಜ್ಜನ ಬಾಯಿಯ ಹಾಗೆ ನಡುನಡುವೆ ಕಾಳೇ ಇರುವುದಿಲ್ಲ. ಗೊಬ್ಬರ ಸಾಲಲಿಲ್ಲ ಅನ್ನುತ್ತಾನೆ ಭುಟ್ಟಾವಾಲಾ. ನಿಮ್ಮ ಆಕ್ಟಿನ್ನಿಗೂ ಇದಕ್ಕೂ ಏನಾದರೂ ಸಂಬಂಧ ಉಂಟೋ?
— ಬ್ಯಾಂಕ್ ನಿವೃತ್ತರು, ಥಾಣೆ

ಉತ್ತರ: ಉಂಟು ಮಾರಾಯ್ರೇ, ಭರ್ಜರಿ ಸಂಬಂಧ ಉಂಟು. ಈ ತಿಂಗಳ ಪ್ರಶ್ನೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಮುಂದಿನ ಸಲ ಕೆಂಡಕ್ಕೆ ಹಾಕುವ ಮುಂಚೆ ಒಂದು ತೆನೆ ಕೈಗೆ ತಗೊಳ್ಳಿ. ಸಿಪ್ಪೆಯನ್ನು ನಿಧಾನವಾಗಿ ಬಿಡಿಸಿ. ಒಳಗೆ ರೇಷ್ಮೆಯಂಥ ಕೂದಲು ಇರುತ್ತದಲ್ಲ, ಅದರಲ್ಲಿ ಒಂದನ್ನು ಹಿಡಿದು ಬೆರಳಲ್ಲಿ ಕೆಳಗೆ ಕೆಳಗೆ ಹೋಗಿ. ಅದು ಸೀದಾ ಒಂದು ಕಾಳಿಗೆ ಹೋಗಿ ಮುಟ್ಟುತ್ತದೆ. ಒಂದು ಕೂದಲಿಗೆ ಒಂದು ಕಾಳು, ಲೆಕ್ಕ ಪಕ್ಕಾ. ಗಿಡದ ತಲೆಯಿಂದ ಉದುರಿದ ಪರಾಗ ಆ ಕೂದಲಿನ ಮೇಲೆ ಕೂತು ಅಂಟಿಕೊಳ್ಳುತ್ತದೆ, ಅದರಿಂದ ಒಂದು ಸಣ್ಣ ನಾಳ ಹೊರಟು ಕೂದಲಿನ ಒಳಗೇ ಇಳಿಯುತ್ತಾ ಹೋಗಿ ಬುಡದಲ್ಲಿರುವ ಎಳೇ ಕಾಳಿಗೆ ಎರಡು ಗಂಡು ಕೋಶಗಳನ್ನು ತಲುಪಿಸಬೇಕು. ಆಗ ಕಾಳು. ನಾಳ ಮುಟ್ಟದಿದ್ದರೆ ಕಾಳಿಲ್ಲ, ಅಜ್ಜನ ಬಾಯಿ.

ದೂರ ನೋಡಿ. ಪರಾಗದ ಕಣ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಕೂದಲಿನ ಉದ್ದ ಒಂದು ಗೇಣು, ಕೆಲವು ಸಲ 30 ಸೆಂಟಿಮೀಟರಿನ ತನಕ. ಇಡೀ ದಾರಿಯನ್ನು ಅದು ಸುಮಾರು ಒಂದು ದಿನದಲ್ಲಿ ಮುಗಿಸುತ್ತದೆ, ಜೋರಾಗಿ ಹೋಗುವಾಗ ಗಂಟೆಗೆ ಒಂದು ಸೆಂಟಿಮೀಟರ್. ಅದು ನಾಳ ಅಂದರೂ ಅನೇಕ ಕೋಶಗಳ ಸಾಲಲ್ಲ. ಒಂದೇ ಕೋಶ. ಉದ್ದಕ್ಕೂ ಎಲ್ಲೆಲ್ಲೋ ಬೆಳೆಯುವುದೂ ಇಲ್ಲ, ಬೆಳೆಯುವುದು ತುದಿಯಲ್ಲಿ ಮಾತ್ರ.

ಆ ತುದಿಯಲ್ಲಿ ಏನು ನಡೆಯುತ್ತದೆ ಅಂದರೆ: ನಾಳದ ಉದ್ದಕ್ಕೂ ಆಕ್ಟಿನ್ ಎಳೆಗಳು ಕಟ್ಟುಕಟ್ಟಾಗಿ ಮಲಗಿರುತ್ತವೆ. ಗೋಡೆಯ ಸಾಮಾನು ತುಂಬಿದ ಪುಟ್ಟ ಪುಟ್ಟ ಚೀಲಗಳು ಅಂಚಿನ ಎಳೆಗಳ ಮೇಲೆ ತುದಿ ಕಡೆಗೆ ಓಡುತ್ತವೆ, ಅಲ್ಲಿ ತಿರುಗಿ ನಡುವಿನಿಂದ ವಾಪಸ್ ಬರುತ್ತವೆ. ಕಾರಂಜಿಯಲ್ಲಿ ನೀರು ನಡುವಿನಿಂದ ಎದ್ದು ಸುತ್ತ ಬೀಳುತ್ತದೆ, ಇದು ಅದರ ಉಲ್ಟಾ. ತುದಿಗೆ ಸ್ವಲ್ಪ ಹಿಂದೆ ಗಿಡ್ಡ ಗಿಡ್ಡ ಎಳೆಗಳು ಒತ್ತಾಗಿ ಸೇರಿ ಲಂಗದ ಅಂಚಿನ ಹಾಗೆ ಒಂದು ಸುತ್ತು ಕಟ್ಟಿರುತ್ತವೆ. ಅದನ್ನು ದಾಟಿ ಮುಂದಕ್ಕೆ ದೊಡ್ಡ ಸಾಮಾನಿಗೆ ಪ್ರವೇಶ ಇಲ್ಲ, ಸಣ್ಣ ಚೀಲಗಳಿಗೆ ಮಾತ್ರ. ಚೀಲ ತುದಿಯ ಪೊರೆಗೆ ತಾಗಿ ಒಡೆದು ಒಳಗಿದ್ದದ್ದನ್ನು ಹೊರಗೆ ಸುರಿಯುತ್ತದೆ. ಸುರಿಯುವುದು ಏನು ಗೊತ್ತಾ? ಮುಖ್ಯವಾಗಿ ಪೆಕ್ಟಿನ್. ಗೋವಾದಲ್ಲಿ ಪೇರಳೆ ಹಣ್ಣಿನ ಪೆರಾಡ್ ಮಾಡುತ್ತಾರಲ್ಲ, ಅದು ಗಟ್ಟಿಯಾಗಿ ಹಲ್ವದ ಹಾಗೆ ನಿಲ್ಲುವುದು ಈ ಪೆಕ್ಟಿನ್ನಿನಿಂದಲೇ. ತುದಿಯಲ್ಲಿ ಅದು ಮೆತ್ತಗೆ ಇರುತ್ತದೆ, ಒಳಗಿನ ಒತ್ತಡಕ್ಕೆ ಬಗ್ಗಿ ಮುಂದಕ್ಕೆ ಸರಿಯುತ್ತದೆ. ಹಿಂದಕ್ಕೆ ಉಳಿದದ್ದು ಗಟ್ಟಿಯಾಗುತ್ತದೆ. ಲಿಲ್ಲಿ ಹೂವಿನ ಪರಾಗನಾಳವನ್ನು ಗಾಜಿನ ಮೇಲೆ ಬೆಳೆಸಿ ನೋಡಿದರೆ ಅದು ಒಂದೇ ವೇಗದಲ್ಲಿ ಹೋಗುವುದಿಲ್ಲ. ಸ್ವಲ್ಪ ಜೋರು, ಸ್ವಲ್ಪ ನಿಧಾನ, ಮತ್ತೆ ಜೋರು, ಒಂದು ನಿಮಿಷದೊಳಗೇ ಒಂದು ಸುತ್ತು. ಉಸಿರಾಡಿದ ಹಾಗೆ.

ಇದರಲ್ಲಿ ಆಕ್ಟಿನ್ ಪಾಲು ಎಷ್ಟು ಅಂತ ತಿಳಿಯಲು ಒಂದು ವಿಷ ಸಿಕ್ಕಿತು. ಕೆಂಪು ಸಮುದ್ರದ ಒಂದು ಸ್ಪಂಜಿನಿಂದ ಬಂದ ಲ್ಯಾಟ್ರಂಕ್ಯುಲಿನ್. ಅದು ಬಿಡಿ ಮಣಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೊಸ ಸರ ಆಗಲು ಬಿಡುವುದಿಲ್ಲ. ತೀರಾ ಸ್ವಲ್ಪ ಹಾಕಿದಾಗ ನಾಳದ ಹಿಂಭಾಗದಲ್ಲಿ ಓಡಾಟ ಎಂದಿನ ಹಾಗೆ ನಡೆದೇ ಇತ್ತು, ಬೆಳವಣಿಗೆ ಮಾತ್ರ ನಿಂತುಹೋಯಿತು! ಅಂದರೆ ಹಳೇ ದಾರಿ ಇದ್ದರೆ ಸಾಲದು, ತುದಿಯಲ್ಲಿ ಹೊಸ ಎಳೆ ಕಟ್ಟುತ್ತಲೇ ಇರಬೇಕು. ಲಾರಿ ಬಂದು ನಿಂತಿದೆ, ಇಳಿಸುವ ಹಮಾಲಿ ಇಲ್ಲ ಅನ್ನುವ ಪರಿಸ್ಥಿತಿ.

ಇನ್ನು ನಿಮ್ಮ ಭುಟ್ಟಾವಾಲಾ. ಅವನ ಮಾತು ಪೂರ್ತಿ ಸುಳ್ಳಲ್ಲ, ಗೊಬ್ಬರ ನೀರು ಕಡಿಮೆಯಾದರೂ ತೆನೆಯ ತುದಿ ಬೋಳಾಗುತ್ತದೆ. ಆದರೆ ಅಲ್ಲೊಂದು ಇಲ್ಲೊಂದು ಕಾಳು ತಪ್ಪಿದ್ದರೆ ಅಲ್ಲಿಗೆ ಪರಾಗನಾಳ ಬಂದಿಲ್ಲ ಅಂತಲೇ ಹೆಚ್ಚು ಸಾಧ್ಯತೆ. ಒಂದೇ ಸಮ ಮಳೆ ಹೊಡೆದರೆ ಪರಾಗ ಹಾರುವುದಿಲ್ಲ, ಬಿಸಿಲು ಹೆಚ್ಚಾದರೆ ಕೂದಲು ಒಣಗುತ್ತದೆ. ಬುಡದ ಕೂದಲು ಮೊದಲು ಹೊರಗೆ ಬರುತ್ತದೆ, ತುದಿಯದು ಕೊನೆಗೆ. ತಡವಾಗಿ ಬಂದವರಿಗೆ ಪರಾಗ ಮುಗಿದಿರುತ್ತದೆ.

ಪ್ರಶ್ನೆ: ನಾನು ವೈದ್ಯ, ಓದಿದ್ದು ಸ್ವಲ್ಪ ಸಸ್ಯಶಾಸ್ತ್ರ. ಎಲೆಗೆ ರೂಪ ಕೊಡುವುದು ಆಕ್ಟಿನ್ ಅಂದಿರಿ, ಅತಿಯಾಯಿತು. ಸಸ್ಯಕೋಶದ ಆಕಾರ ಮೈಕ್ರೋಟ್ಯೂಬ್ಯೂಲ್ ಮತ್ತು ಸೆಲ್ಯುಲೋಸಿನ ಕೆಲಸ ಅಲ್ಲವೇ?
— ಕೋತ್ರೂಡ್, ಪುಣೆ

ಉತ್ತರ: ಡಾಕ್ಟ್ರೇ, ಮುಕ್ಕಾಲು ಪಾಲು ಒಪ್ಪಿದೆ. ಆ ಸಾಲು ಬರೆದಾಗ ನನಗೇ ಸ್ವಲ್ಪ ಅಳುಕಿತ್ತು.

ಉಳಿದವರಿಗೆ ಸ್ವಲ್ಪ ಹೇಳಬೇಕು. ಕೋಶದ ಹಂದರದಲ್ಲಿ ಆಕ್ಟಿನ್ ಅಲ್ಲದೆ 25 ನ್ಯಾನೋಮೀಟರ್ ದಪ್ಪದ ಇನ್ನೊಂದು ಥರದ ಕೊಳವೆಗಳಿವೆ, ಅವೇ ಮೈಕ್ರೋಟ್ಯೂಬ್ಯೂಲ್. 1963ರಲ್ಲಿ ಲೆಡ್‌ಬೆಟರ್ ಮತ್ತು ಪೋರ್ಟರ್ ಎಂಬ ವಿಜ್ಞಾನಿಗಳು ಇವನ್ನು ಗಿಡದ ಕೋಶದ ಗೋಡೆಯ ಒಳಪಕ್ಕದಲ್ಲೇ ಕಂಡರು. ಗೋಡೆಯ ನಾರಾದ ಸೆಲ್ಯುಲೋಸ್ ನೇಯುವ ಯಂತ್ರಗಳು ಈ ಕೊಳವೆಗಳ ಗೆರೆ ಹಿಡಿದೇ ಓಡುತ್ತವೆ ಅನ್ನುವುದನ್ನು 2006ರಲ್ಲಿ ಜೀವಂತ ಕೋಶದಲ್ಲೇ ನೋಡಿದರು. ಪೀಪಾಯಿಗೆ ಕಬ್ಬಿಣದ ಪಟ್ಟಿ ಹಾಕಿದ ಹಾಗೆ ಸೆಲ್ಯುಲೋಸ್ ಸುತ್ತಿಕೊಳ್ಳುತ್ತದೆ. ಕೋಶ ಅಡ್ಡಕ್ಕೆ ಉಬ್ಬಲಾರದೆ ಉದ್ದಕ್ಕೆ ಹೋಗುತ್ತದೆ. ಕಾಂಡ, ಬೇರಿನ ಕೋಶ ಉದ್ದವಾಗುವುದು ಬಹುಪಾಲು ಹೀಗೇ. ಇಲ್ಲಿ ನಿಮ್ಮದೇ ಗೆಲುವು.

ಆದರೆ ಆ ನೇಯುವ ಯಂತ್ರಗಳನ್ನು ಪೊರೆಯ ತನಕ ತರುವವರು ಯಾರು? ಅವು ತಯಾರಾಗುವುದು ಗಾಲ್ಗಿ ಎಂಬ ಭಾಗದಲ್ಲಿ, ಗಾಲ್ಗಿಗಳು ಓಡಾಡುವುದು ಆಕ್ಟಿನ್ ಮೇಲೆ. ಆಕ್ಟಿನ್ ಕೆಟ್ಟರೆ ಗಾಲ್ಗಿಗಳು ಅಲ್ಲಲ್ಲೇ ಗುಂಪುಗೂಡಿ ನಿಲ್ಲುತ್ತವೆ. ಆಮೇಲೆ ಒಂದು ಕಡೆ ಯಂತ್ರ ಜಾಸ್ತಿ, ಇನ್ನೊಂದು ಕಡೆ ಇಲ್ಲವೇ ಇಲ್ಲ.

ಇಬ್ಬರ ಕೆಲಸ ಬೇರೆ ಬೇರೆ ಅಂತ ಚೆನ್ನಾಗಿ ತೋರಿಸುವುದು ಎಲೆ ಮೇಲಿನ ಕೂದಲು. ಸಾಸಿವೆಯ ದೂರದ ನೆಂಟ, ಅರಾಬಿಡಾಪ್ಸಿಸ್ ಅಂತ ಒಂದು ಪುಟ್ಟ ಕಳೆ ಇದೆ, ಪ್ರಯೋಗಶಾಲೆಗಳ ಮುದ್ದಿನ ಗಿಡ. ಅದರ ಎಲೆ ಮೇಲಿನ ಒಂದೊಂದು ಕೂದಲೂ ಒಂದೇ ಕೋಶ, ಸಾಮಾನ್ಯವಾಗಿ ಮೂರು ಕವಲು. ಮೈಕ್ರೋಟ್ಯೂಬ್ಯೂಲ್ ಕೆಡಿಸುವ ಔಷಧಿ ಹಾಕಿದರೆ ಕವಲೇ ಒಡೆಯುವುದಿಲ್ಲ. ಆಕ್ಟಿನ್ ಕೆಡಿಸಿದರೆ ಕವಲು ಸರಿಯಾಗೇ ಒಡೆಯುತ್ತದೆ, ಆಮೇಲೆ ಉದ್ದವಾಗುವಾಗ ಸೊಟ್ಟಸೊಟ್ಟ. ಔಷಧಿ ಇಲ್ಲದೆ ಹುಟ್ಟಿನಿಂದಲೇ ಹೀಗೆ ಸೊಟ್ಟ ಕೂದಲಿನ ಗಿಡಗಳೂ ಸಿಕ್ಕಿದ್ದವು. ಅವುಗಳಿಗೆ 'ಹುಳ', 'ಡೊಂಕ', 'ಗಂಟುಗಂಟು' ಅನ್ನುವ ಅರ್ಥದ ಹೆಸರುಗಳನ್ನೇ ಇಟ್ಟರು, ವಿಜ್ಞಾನಿಗಳಿಗೂ ತಮಾಷೆ ಬರುತ್ತದೆ. ಕೆಟ್ಟ ಜೀನ್ ಯಾವುದು ಅಂತ ಹುಡುಕಿದಾಗ ಅವುಗಳಲ್ಲಿ ಹಲವು, ಆಕ್ಟಿನ್ ಎಳೆಯ ಪಕ್ಕದಿಂದ ಹೊಸ ಕೊಂಬೆ ಎಬ್ಬಿಸುವ ಒಂದೇ ಯಂತ್ರದ ಬೇರೆ ಬೇರೆ ತುಂಡುಗಳಾಗಿದ್ದವು.

ಎಲೆಯ ಮೇಲ್ಸಿಪ್ಪೆಯ ಕೋಶಗಳು ಮಕ್ಕಳ ಜಿಗ್ಸಾ ಆಟದ ತುಂಡುಗಳ ಹಾಗೆ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಅಲ್ಲಿ ಹೊರಕ್ಕೆ ಉಬ್ಬಿದ ಕಡೆ ತೆಳ್ಳನೆಯ ಆಕ್ಟಿನ್ ಎಳೆಗಳು, ಒಳಕ್ಕೆ ತಗ್ಗಿದ ಸೊಂಟದಲ್ಲಿ ಮೈಕ್ರೋಟ್ಯೂಬ್ಯೂಲ್. ಆದ್ದರಿಂದ ಎಲೆಗೆ ರೂಪ ಕೊಡುವುದು 'ಅದೂ' ಅಂತ ಬರೆಯಬೇಕಿತ್ತು. ತಿದ್ದುಪಡಿ ಪ್ರಕಟಿಸಿದ್ದೇನೆ ಅಂತ ತಿಳಿಯಿರಿ.

ಪ್ರಶ್ನೆ: ಟೀಚರ್, ನಾನು ಎಂಟನೇ ಕ್ಲಾಸು. ಸೈನ್ಸ್ ಎಕ್ಸಿಬಿಷನ್‌ಗೆ ಆಕ್ಟಿನ್ ತೋರಿಸಬಹುದಾ? ನಮ್ಮ ಸ್ಕೂಲಲ್ಲಿ ಒಂದೇ ಮೈಕ್ರೋಸ್ಕೋಪ್ ಇದೆ.
— ವಾಸ್ಕೋ, ಗೋವಾ

ಉತ್ತರ: ಪುಟ್ಟಿ, ಆಕ್ಟಿನ್ ನಿನ್ನ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ. ಆದರೆ ಅದು ಮಾಡುವ ಕೆಲಸ ಕಾಣುತ್ತದೆ, ಅದೇ ಚಂದ.

ಅಕ್ವೇರಿಯಂ ಅಂಗಡಿಯಲ್ಲಿ ಹೈಡ್ರಿಲ್ಲಾ ಕೇಳು. ಒಂದು ಸಣ್ಣ ಕಡ್ಡಿ ಸಾಕು. ತುದಿ ಹತ್ತಿರದ ಎಳೇ ಎಲೆ ಒಂದನ್ನು ಕಿತ್ತು ಅದೇ ನೀರಿನ ಹನಿಯಲ್ಲಿ ಸ್ಲೈಡಿನ ಮೇಲಿಟ್ಟು ಕವರ್ ಸ್ಲಿಪ್ ಮುಚ್ಚು. ಹೈಡ್ರಿಲ್ಲಾ ಎಲೆ ಎರಡೇ ಪದರ ಕೋಶಗಳಷ್ಟು ತೆಳ್ಳಗೆ, ಸೀಳುವುದೇ ಬೇಡ. ಹತ್ತು ಹದಿನೈದು ನಿಮಿಷ ಟೇಬಲ್ ಲ್ಯಾಂಪಿನ ಬೆಳಕಲ್ಲಿ ಇಡು. ಮೊದಲು ಸಣ್ಣ ಲೆನ್ಸಿನಲ್ಲಿ ನಡುವಿನ ನರ ಹುಡುಕು, ಆಮೇಲೆ 40ರ ಲೆನ್ಸು ತಿರುಗಿಸಿ ನರದ ಅಕ್ಕಪಕ್ಕದ ಉದ್ದ ಕೋಶಗಳನ್ನು ನೋಡು. ಹಸಿರು ಕಾಳುಗಳು ಸಾಲಾಗಿ ಗೋಡೆ ಹಿಡಿದು ಸುತ್ತು ಹೊಡೆಯುತ್ತಿರುತ್ತವೆ. ಒಂದು ಪಕ್ಕದಲ್ಲಿ ಮೇಲಕ್ಕೆ, ಇನ್ನೊಂದು ಪಕ್ಕದಲ್ಲಿ ಕೆಳಕ್ಕೆ. ಮೊದಲ ಎರಡು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ. ಕಣ್ಣು ತೆಗೀಬೇಡ.

ನಾನು ಇದನ್ನು ಮೊದಲು ನೋಡಿದ್ದು ಬಿ.ಎಸ್ಸಿ. ಮೊದಲ ವರ್ಷದಲ್ಲಿ. ನನ್ನ ಸ್ಲೈಡು ಅಲ್ಲಾಡುತ್ತಿದೆ ಅಂದುಕೊಂಡು ಎರಡು ಸಲ ಕ್ಲಿಪ್ ಬಿಗಿ ಮಾಡಿದೆ. ಆಮೇಲೆ ಪಕ್ಕದ ಕೋಶ ನೋಡಿದೆ, ಅದರಲ್ಲಿ ಕಾಳುಗಳು ಉಲ್ಟಾ ದಿಕ್ಕಿನಲ್ಲಿ ಹೋಗುತ್ತಿದ್ದವು. ಸ್ಲೈಡು ಅಲ್ಲಾಡಿದರೆ ಎಲ್ಲಾ ಒಂದೇ ಕಡೆ ಹೋಗಬೇಕಲ್ವಾ? ಪ್ರಾಕ್ಟಿಕಲ್ ಬೆಲ್ ಹೊಡೆದರೂ ಏಳಲಿಲ್ಲ, ಬೈಸಿಕೊಂಡೆ.

ಹಸಿರು ಕಾಳು ಅಂದರೆ ಕ್ಲೋರೋಪ್ಲಾಸ್ಟ್, ಅವುಗಳ ಕೆಳಗೆ ಕಾಣದ ದಾರಿ ಆಕ್ಟಿನ್. ಚಾರ್ಟಿನಲ್ಲಿ ಇದನ್ನೂ ಬರಿ: ಕೋಶರಸ ಹೀಗೆ ಹರಿಯುವುದನ್ನು ಮೊದಲು ಕಂಡವರು ಇಟಲಿಯ ಪಾದ್ರಿ ಬೊನಾವೆಂಟುರಾ ಕೊರ್ತಿ, 1774ರಲ್ಲಿ, ಕೆರೆಯಲ್ಲಿ ಬೆಳೆಯುವ ಕಾರಾ ಎಂಬ ಪಾಚಿಯಲ್ಲಿ. ಅಲ್ಲಿ ಹರಿಯುವ ವೇಗ ಸೆಕೆಂಡಿಗೆ 50 ಮೈಕ್ರೋಮೀಟರಿಗೂ ಜಾಸ್ತಿ. ಕಾರಾದ ಮಯೋಸಿನ್ ನಮ್ಮ ಸ್ನಾಯುವಿನ ಮಯೋಸಿನ್‌ಗಿಂತ ಸುಮಾರು ಹತ್ತು ಪಟ್ಟು ಚುರುಕು. ಪಾಚಿಯ ಮುಂದೆ ನಾವು ಆಮೆ! ದೊಡ್ಡ ಪ್ರಯೋಗಶಾಲೆಯವರು ಆಕ್ಟಿನ್ ನೋಡುವುದು ಹೇಗೆ ಅಂತ ತೀರ್ಪುಗಾರರು ಕೇಳಿದರೆ, ಒಂದು ವಿಷದ ಅಣಬೆಯಿಂದ ತೆಗೆದ ಫ್ಯಾಲಾಯ್ಡಿನ್ ಆಕ್ಟಿನ್ ಎಳೆಗೇ ಹೋಗಿ ಅಂಟುತ್ತದೆ, ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ ನೋಡುತ್ತಾರೆ ಅಂತ ಹೇಳು.

ಪ್ರಶ್ನೆ: ಒಂದು ನರ್ಸರಿಯಲ್ಲಿ 'ಸೆಲ್ ಗ್ರೋತ್ ಪ್ರೋಟೀನ್' ಅಂತ 350 ರೂಪಾಯಿ ಬಾಟಲಿ ಕೊಟ್ಟರು. ನಿಮ್ಮ ಅಂಕಣ ಓದಿಯೇ ತಗೊಂಡೆ. ಕರಿಬೇವು ಇದ್ದಲ್ಲೇ ಇದೆ.
— ವಾಶಿ, ನವಿ ಮುಂಬಯಿ

ಉತ್ತರ: ಅಯ್ಯೋ, ನನ್ನ ಹೆಸರು ಕೆಡಿಸಬೇಡಿ. ಆಕ್ಟಿನ್ನನ್ನು ಪ್ರತಿ ಕೋಶವೂ ತನಗೆ ಬೇಕಾದಷ್ಟು ತಾನೇ ಮಾಡಿಕೊಳ್ಳುತ್ತದೆ. ಮಣ್ಣಿಗೆ ಪ್ರೋಟೀನ್ ಸುರಿದರೆ ಅದನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಇಡಿಯಾಗಿ ಬೇರಿನ ಕೋಶದೊಳಗೆ ಹೋಗಿ ಕೂರುವುದಿಲ್ಲ. ಕರಿಬೇವಿಗೆ ಬಿಸಿಲು ಬೇಕು. ಮನೆಯಲ್ಲಿ ಉಳಿದ ಹುಳಿ ಮಜ್ಜಿಗೆಯನ್ನು ನೀರು ಮಾಡಿ ಹಾಕುವವರೂ ಇದ್ದಾರೆ, ಅದಕ್ಕೆ 350 ರೂಪಾಯಿ ಆಗುವುದಿಲ್ಲ.

ಬೇಗ ಬೆಳೆಸುವ ಪ್ರಯತ್ನ ನಿಜವಾಗಿಯೂ ನಡೆದಿದೆ, ಬಾಟಲಿಯಲ್ಲಿ ಅಲ್ಲ. ಜಪಾನಿನವರು 2013ರಲ್ಲಿ ಅದೇ ಸಾಸಿವೆ ನೆಂಟನಿಗೆ ಅದರ ಮಯೋಸಿನ್ನಿನ ಮೋಟಾರು ಭಾಗ ತೆಗೆದು ಕಾರಾ ಪಾಚಿಯ ಚುರುಕು ಮೋಟಾರು ಜೋಡಿಸಿದರು. ಗಿಡ ದೊಡ್ಡದಾಯಿತು. ಇನ್ನೊಂದಕ್ಕೆ ಮನುಷ್ಯನ ಒಂದು ನಿಧಾನದ ಮಯೋಸಿನ್ನಿನ ಮೋಟಾರು ಹಾಕಿದರು. ಅದು ಕುಳ್ಳಾಗಿ ಉಳಿಯಿತು.

ಪ್ರಶ್ನೆ: ಊರಿಂದ ಮತ್ಸ್ಯಗಂಧದಲ್ಲಿ ಶಂಕರಪುರ ಮಲ್ಲಿಗೆಯ ಗಿಡ ತಂದೆ. ಭಾರ ಆಗುತ್ತದೆ ಅಂತ ಮಣ್ಣು ಕೊಡವಿ ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದೆ. ಕುಂಡದಲ್ಲಿ ನೆಟ್ಟು ನೀರು ಹಾಕಿದರೂ ಬಾಡುತ್ತಲೇ ಇದೆ. ಬೇರು ಒಣಗಲೇ ಇಲ್ಲ, ಮತ್ತೆ ಯಾಕೆ?
— ಮುಲುಂಡ್

ಉತ್ತರ: ಅಕ್ಕಾ, ಮಣ್ಣು ಕೊಡವಿದಾಗಲೇ ಕೆಲಸ ಕೆಟ್ಟಿತು. ಬೇರು ಉಳಿಯಿತು, ಬೇರಿನ ಕೂದಲು ಹೋಯಿತು. ಬೇರಿನ ತುದಿಗೆ ಸ್ವಲ್ಪ ಮೇಲೆ ಬಿಳಿ ಬೂಷ್ಟು ಹಿಡಿದ ಹಾಗೆ ಕಾಣುವುದೇ ಆ ಕೂದಲು. ಒಂದೊಂದೂ ಒಂದೇ ಕೋಶ, ಮಣ್ಣಿನ ಕಣಗಳ ಸಂದಿಗೆ ನುಗ್ಗಿ ಅಂಟಿಕೊಂಡಿರುತ್ತದೆ. ಮಣ್ಣು ಉದುರಿದರೆ ಜೊತೆಗೆ ಅದೂ ಹರಿಯುತ್ತದೆ. ನೀರು ಹೀರುವ ಬಾಯಿ ಬಹಳಷ್ಟು ಇವೇ. ಹರಿದ ಕೂದಲು ಮತ್ತೆ ಬರುವುದಿಲ್ಲ, ಬೇರು ಮುಂದೆ ಬೆಳೆದಾಗ ಹೊಸ ಭಾಗದಲ್ಲಿ ಹೊಸದು ಬರಬೇಕು. ಅವೂ ಪರಾಗನಾಳದ ಹಾಗೆಯೇ ತುದಿಯಲ್ಲಿ, ಆಕ್ಟಿನ್ ದಾರಿಯಲ್ಲೇ ಬೆಳೆಯುತ್ತವೆ. ಪ್ರಯೋಗದ ಗಿಡಗಳಲ್ಲಿ ಒಂದೇ ಒಂದು ಆಕ್ಟಿನ್ ಜೀನ್ ಕೆಟ್ಟರೂ ಬೇರುಕೂದಲು ಮೋಟಾಗಿ, ಬುಡದಲ್ಲಿ ಉಬ್ಬಿ ನಿಲ್ಲುತ್ತದೆ.

ಈಗ ಮಾಡಬೇಕಾದ್ದು: ಗಿಡವನ್ನು ನೆರಳಿಗೆ ತನ್ನಿ, ಅರ್ಧದಷ್ಟು ಎಲೆ ಕತ್ತರಿಸಿ, ನೀರು ಹಿತಮಿತ. ಬಾಡಿದೆ ಅಂತ ಸುಮ್ನೆ ನೀರು ಸುರಿದರೆ ಬೇರು ಕೊಳೆಯುತ್ತದೆ. ಹದಿನೈದು ದಿನ ತಾಳ್ಮೆ. ಮುಂದಿನ ಸಲ ಮಣ್ಣಿನ ಮುದ್ದೆ ಸಮೇತ ತನ್ನಿ, ಸೀಟಿನ ಕೆಳಗೆ ಜಾಗ ಇರುತ್ತದೆ.

ಪ್ರಶ್ನೆ: ನಾಚಿಕೆ ಮುಳ್ಳು ಮುದುಡುವುದು ಈ ಸ್ನಾಯು ಎಳೆಯಿಂದಲೇ ಇರಬೇಕಲ್ಲ?
— ಪೋಂಡಾ, ಗೋವಾ

ಉತ್ತರ: ಹಾಗನಿಸುವುದು ಸಹಜ, ಆದರೆ ಮುಖ್ಯ ಕೆಲಸ ನೀರಿನದು. ಎಲೆಯ ಬುಡದ ಗಂಟಿನಲ್ಲಿ ಕೆಳಪಕ್ಕದ ಕೋಶಗಳು ಒಮ್ಮೆಲೇ ನೀರು ಬಿಟ್ಟುಕೊಡುತ್ತವೆ, ಆಧಾರ ತಪ್ಪಿ ಎಲೆ ಬೀಳುತ್ತದೆ. ಆಕ್ಟಿನ್ ಅಲ್ಲಿ ಸಹಾಯಕ. ಎಲೆ ಬಗ್ಗುವಾಗ ಅದರ ಕಟ್ಟುಗಳು ಬಿಚ್ಚಿಕೊಳ್ಳುತ್ತವೆ, ಆಕ್ಟಿನ್ ಕೆಡಿಸುವ ಔಷಧಿ ಕೊಟ್ಟರೆ ಬಗ್ಗುವುದು ಸರಿಯಾಗಿ ಆಗುವುದಿಲ್ಲ. ಎಳೆ ಹಗ್ಗದ ಹಾಗೆ ಎಳೆಯುತ್ತದೆ ಅಂತ ಮಾತ್ರ ಅಲ್ಲ.

ಪ್ರಶ್ನೆ: ಈ ಎಳೆಯಿಂದ ನಮಗೆ ತೊಂದರೆ ಏನಾದರೂ ಉಂಟಾ?
— ಮೀರಾ ರೋಡ್

ಉತ್ತರ: ಎಳೆಯಿಂದ ಅಲ್ಲ, ಅದರ ಜೊತೆಗಾರನಿಂದ ಉಂಟು. ಬಿಡಿ ಮಣಿಯನ್ನು ಹಿಡಿದು ಬೇಕಾದಾಗ ಎಳೆಗೆ ಒಪ್ಪಿಸುವ ಪ್ರೊಫಿಲಿನ್ ಎಂಬ ಪ್ರೋಟೀನಿದೆ. ಪರಾಗದಲ್ಲಿ ಅದು ಧಾರಾಳ. ಬರ್ಚ್ ಮರದ ಪರಾಗಕ್ಕೆ ಸೀನುವವರಲ್ಲಿ ಕೆಲವರ ದೇಹ ಸಿಟ್ಟಾಗುವುದು ಈ ಪ್ರೊಫಿಲಿನ್ ಮೇಲೆಯೇ ಅಂತ 1991ರಲ್ಲಿ ಗೊತ್ತಾಯಿತು. ಎಲ್ಲಾ ಗಿಡಗಳಲ್ಲೂ ಪ್ರೊಫಿಲಿನ್ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಪರಾಗದ ಅಲರ್ಜಿ ಇದ್ದ ಕೆಲವರಿಗೆ ಕೆಲವು ಹಸಿ ಹಣ್ಣು ತಿಂದರೂ ಬಾಯಿ ತುರಿಸುತ್ತದೆ.

ಪ್ರಶ್ನೆ: ನಾನು ಪರೇಲಿನ ಒಂದು ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿ ಇದ್ದವನು. 82ರ ಮುಷ್ಕರದ ನಂತರ ಮನೆಗೆ. ಹತ್ತಿ ಬಂದಾಗ ಒಬ್ಬರು ಚಿಟಿಕೆ ಹಿಡಿದು ಎರಡು ಹೆಬ್ಬೆರಳ ನಡುವೆ ಎಳೆದೆಳೆದು ಸ್ಟೇಪಲ್, ಅಂದರೆ ಎಳೆಯ ಉದ್ದ, ಎಷ್ಟು ಅಂತ ಬಾಯಲ್ಲೇ ಹೇಳುತ್ತಿದ್ದರು. ಎಳೆ ಒಂದು ಉದ್ದ, ಒಂದು ಗಿಡ್ಡ ಆಗುವುದು ಯಾಕೆ? ನಿಮ್ಮ ಎಳೆಗೂ ನಮ್ಮ ಎಳೆಗೂ ಸಂಬಂಧ ಇದೆಯಾ?
— ಹಿರಿಯ ಓದುಗರು, ಲಾಲ್‌ಬಾಗ್

ಉತ್ತರ: ಅಣ್ಣಾ, ನಿಮ್ಮ ಪತ್ರವನ್ನು ಕೊನೆಗೆ ಇಟ್ಟಿದ್ದು ಬೇಕಂತಲೇ. ನೀವು ವರ್ಷಗಟ್ಟಲೆ ನೂತದ್ದು ಏನು ಗೊತ್ತಾ? ಒಂದೊಂದು ಹತ್ತಿಯ ಎಳೆಯೂ ಒಂದೇ ಒಂದು ಜೀವಕೋಶ. ಹತ್ತಿ ಬೀಜದ ಹೊರಚರ್ಮದ ಕೋಶ. ಹೂ ಅರಳಿದ ದಿನ ಅದು ಬೀಜದ ಮೇಲೆ ಗುಳ್ಳೆಯ ಹಾಗೆ ಎದ್ದು, ಸುಮಾರು ಮೂರು ವಾರದಲ್ಲಿ ಎರಡೂವರೆ ಮೂರು ಸೆಂಟಿಮೀಟರ್ ಉದ್ದವಾಗುತ್ತದೆ. ದಪ್ಪಕ್ಕೆ ಹೋಲಿಸಿದರೆ ಸಾವಿರ ಪಟ್ಟಿಗೂ ಹೆಚ್ಚು ಉದ್ದ. ಒಂದೇ ಬೀಜದ ಮೇಲೆ ಇಂಥವು ಹತ್ತು ಸಾವಿರಕ್ಕೂ ಜಾಸ್ತಿ. ಉದ್ದವಾಗುವುದು ನಿಂತ ಮೇಲೆ ಒಳಗಡೆ ಸೆಲ್ಯುಲೋಸ್ ಪದರ ಪದರವಾಗಿ ತುಂಬುತ್ತದೆ, ಕಾಯಿ ಬಿರಿದಾಗ ಕೋಶ ಸತ್ತು ಒಣಗಿ ತಿರುಚಿಕೊಳ್ಳುತ್ತದೆ. ಆ ತಿರುಚೇ ನಿಮ್ಮ ನೂಲಿನಲ್ಲಿ ಎಳೆಗೆ ಎಳೆ ಹಿಡಿದುಕೊಳ್ಳಲು ಅನುಕೂಲ. ಮಿಲ್ಲಿಗೆ ಬರುವಾಗ ಆಕ್ಟಿನ್ ಕೆಲಸ ಮುಗಿದಿರುತ್ತದೆ, ಉಳಿದಿರುವುದು ಬರೀ ಗೋಡೆ.

ಉದ್ದವಾಗುವ ಆ ಮೂರು ವಾರ ಮಾತ್ರ ಆಕ್ಟಿನ್ ಇಲ್ಲದೆ ಆಗುವುದಿಲ್ಲ. 2005ರಲ್ಲಿ ಚೀನಾದವರು ಹತ್ತಿ ಎಳೆಯಲ್ಲೇ ಹೆಚ್ಚಾಗಿ ಕೆಲಸ ಮಾಡುವ ಒಂದು ಆಕ್ಟಿನ್ ಜೀನನ್ನು ತಗ್ಗಿಸಿದರು, ಎಳೆ ಗಿಡ್ಡವಾಯಿತು. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. ಅಮೆರಿಕದಲ್ಲಿ 1929ರಲ್ಲೇ ಒಂದು ವಿಚಿತ್ರ ಹತ್ತಿಯ ಬಗ್ಗೆ ವರದಿಯಾಗಿತ್ತು. ಗಿಡ ಕುಳ್ಳು, ಎಲೆ ಕಾಂಡ ಸೊಟ್ಟ, ಬೀಜದ ಮೇಲೆ ಎಳೆ ತೀರಾ ಮೋಟು, ನೂಲಲು ಬಾರದ್ದು. ಇದನ್ನು ಲಿಗನ್ ಲಿಂಟ್‌ಲೆಸ್ ಅಂತ ಕರೆದರು. ಕಾರಣ ಗೊತ್ತಾಗಿದ್ದು 2017ರಲ್ಲಿ. ಒಂದು ಆಕ್ಟಿನ್ ಜೀನಿನಲ್ಲಿ ಒಂದೇ ಒಂದು ಬದಲಾವಣೆ, ಒಂದೊಂದು ಮಣಿಯೂ ಅಮೈನೋ ಆಮ್ಲಗಳ ಒಂದು ಸಾಲು, ಆ ಸಾಲಿನ 65ನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಎಂಬುದು. ಆ ಒಂದು ಅಕ್ಷರ ತಪ್ಪಿದ್ದಕ್ಕೆ ಮಣಿಗಳು ಸರಿಯಾಗಿ ಸರ ಕಟ್ಟಲಿಲ್ಲ, ಎಳೆಗೆ ದಿಕ್ಕೇ ತಿಳಿಯಲಿಲ್ಲ.

ನಿಮ್ಮ ಖಾತೆಗೆ ಬರುತ್ತಿದ್ದ ಹತ್ತಿಯಲ್ಲಿ ಉದ್ದ ಗಿಡ್ಡ ಇದ್ದದ್ದಕ್ಕೆ ಮೊದಲ ಕಾರಣ ತಳಿ. ಧಾರವಾಡ ಕಡೆಯ ಜಯಧರ ಬೇರೆ, ತಮಿಳುನಾಡಿನ ಸುವಿನ್ ಬೇರೆ, ಸುವಿನ್‌ನ ಉದ್ದಕ್ಕೆ ಜಯಧರ ಹತ್ತಿರವೂ ಬರುವುದಿಲ್ಲ. ಎರಡನೆಯದು ಆ ಮೂರು ವಾರದ ನೀರು. ಮಳೆ ಕೈಕೊಟ್ಟರೆ ಕೋಶದೊಳಗಿನ ಒತ್ತಡ ಇಳಿಯುತ್ತದೆ, ದಾರಿ ಸರಿಯಿದ್ದರೂ ತಳ್ಳುವವರಿಲ್ಲ. ಒಂದೇ ಬೀಜದಲ್ಲೂ ಎಲ್ಲಾ ಎಳೆ ಒಂದೇ ಉದ್ದ ಇರುವುದಿಲ್ಲ. ನಿಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲದ ಮಾಟುಂಗಾದಲ್ಲಿ 1924ರಿಂದ ಹತ್ತಿಯ ತಂತ್ರಜ್ಞಾನದ ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆ ಇದೆ. ಹೆಬ್ಬೆರಳಲ್ಲಿ ಅಳೆಯುತ್ತಿದ್ದ ಉದ್ದವನ್ನು ಅಲ್ಲಿ ಯಂತ್ರ ಅಳೆಯುತ್ತದೆ.

ನೀವೇ ಒಂದು ಕೆಲಸ ಮಾಡಿ. ಬೀಜ ಇರುವ ಹತ್ತಿ ಎಲ್ಲಾದರೂ ಸಿಕ್ಕರೆ ಒಂದು ಬೀಜದಿಂದ ಹತ್ತು ಎಳೆ ಬಿಡಿಸಿ ಕಪ್ಪು ಬಟ್ಟೆ ಮೇಲೆ ಹಾಕಿ, ಸ್ಕೇಲ್ ಇಟ್ಟು ಅಳೆಯಿರಿ. ಅಂದಾಜು ಮೊದಲು ಹೆಬ್ಬೆರಳಲ್ಲೇ ಮಾಡಿ, ಆಮೇಲೆ ಸ್ಕೇಲ್. ಮೆಡಿಕಲ್ ಅಂಗಡಿಯ ಹತ್ತಿ ಬೇಡ, ಅದರಲ್ಲಿ ಕೋಂಬರ್ ವೇಸ್ಟೇ, ಅಂದರೆ ಮಿಲ್ಲಿನಲ್ಲಿ ಬಾಚಿ ತೆಗೆದ ಗಿಡ್ಡ ಎಳೆಯೇ, ಹೆಚ್ಚು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡೂ ಲೆಕ್ಕ ಬರೆದು ಕಳಿಸಿ, ಮುಂದಿನ ತಿಂಗಳು ಹಾಕುತ್ತೇನೆ.